ಸಡಿಲ ಗೋವಿಂದರಾಜುವಿನ ಬಿಗಿ ಗದ್ದೆ

ಸೇಲಂನ ನೇಕಾರರ ಬೀದಿಯಲ್ಲಿ ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟುಕೊಂಡು ಮೂವತ್ತೊಂದು ವರ್ಷ ಕೂತಿದ್ದ ಗೋವಿಂದರಾಜು, ಅಷ್ಟೂ ವರ್ಷ ಒಂದೇ ಒಂದು ಮಾತಿಗೆ ಕಾದಿದ್ದ. ರಾಜನ ಮಗಳೂ ಬೇಡ, ಅರ್ಧ ರಾಜ್ಯವೂ ಬೇಡ; ‘ಬಿಗಿ’ ಅನ್ನುವ ಎರಡಕ್ಷರ ಸಾಕಾಗಿತ್ತು. ವಾರಕ್ಕೊಮ್ಮೆ ನೇಯ್ದ ಪಂಚೆಗಳನ್ನು ಸೊಸೈಟಿಗೆ ಹೊತ್ತುಕೊಂಡು ಹೋದರೆ, ಅಲ್ಲಿ ಬಟ್ಟೆ ನೋಡುವ ಅರುಣಾಚಲಂ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿ, "ಲೂಸು" ಎಂದು ಪಕ್ಕಕ್ಕೆ ಎಸೆಯುತ್ತಿದ್ದರು. ಅವರು ಹೇಳಿದ್ದು ಬಟ್ಟೆಗೆ. ಬೀದಿಯವರು ಅದನ್ನು ತಂದು ಅವನ ತಲೆಗೆ ಕಟ್ಟಿದರು. ‘ಲೂಸು ಗೋವಿಂದರಾಜು’ ಎಂದರೆ ಅಂಚೆಯವನಿಗೆ ಬಾಗಿಲ ನಂಬರೂ ಬೇಕಾಗುತ್ತಿರಲಿಲ್ಲ.

ತಪ್ಪು ಅವನ ಕೈಯದೇ. ಹಾಸು ಎಂದರೆ ಉದ್ದಕ್ಕೆ ಬಿಗಿದ ನೂಲು, ಹೊಕ್ಕು ಎಂದರೆ ಅಡ್ಡಕ್ಕೆ ಹಾಯುವ ನೂಲು. ಲಾಳಿ ಆ ಕಡೆಯಿಂದ ಈ ಕಡೆಗೆ ಹೋದ ಮೇಲೆ ಹಲಗೆಯನ್ನು ಎಳೆದು ಹೊಕ್ಕನ್ನು ಬಡಿಯಬೇಕು. ಬಡಿದಷ್ಟೂ ಬಟ್ಟೆ ಬಿಗಿ. ಗೋವಿಂದರಾಜು ಮಲಗಿದ ಮಗುವಿನ ಬೆನ್ನು ತಟ್ಟುವವನ ಹಾಗೆ ತಟ್ಟುತ್ತಿದ್ದ. ಜೀವಮಾನದಲ್ಲಿ ಅವನು ಮಾಡಿದ ಮೆತ್ತನೆಯ ಕೆಲಸ ಅದೊಂದೇ, ಅದಕ್ಕೇ ಮರ್ಯಾದೆ ಸಿಗಲಿಲ್ಲ.

ಮಗ್ಗದ ಕೋಣೆಯಿದ್ದ ಜಾಗಕ್ಕೆ ಮೊಬೈಲ್ ಅಂಗಡಿ ಬಂದ ವರ್ಷ ಅವನು ಹೆಂಡತಿ ರಾಜಾತಿಯನ್ನು ಕರೆದುಕೊಂಡು ಕೊಳತ್ತೂರಿನಾಚೆ ಅವಳ ತವರಿಗೆ ಬಂದು ಸೇರಿದ. ಅವರೂ ನೇಕಾರರ ಪೈಕಿಯೇ, ಆದರೆ ಮೂರು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಮಣ್ಣಿಗೆ ಇಳಿದವರು. ಪಾಲಮಲೆಯಿಂದ ಇಳಿದು ಬರುವ ನೀರು ಒಂದು ಪುಟ್ಟ ಕೆರೆಯಲ್ಲಿ ನಿಲ್ಲುತ್ತದೆ. ಆ ಕೆರೆಯ ಕೆಳಗೆ ಅತ್ತೆ ಮುನಿರತ್ನಮ್ಮನ ಗದ್ದೆ, ನಲವತ್ತು ಸೆಂಟು. ಊರಲ್ಲಿ ಅದಕ್ಕೆ ಬೆಣ್ಣೆಗದ್ದೆ ಎಂದು ಹೆಸರು.

ಮುನಿರತ್ನಮ್ಮನಿಗೆ ಎಪ್ಪತ್ತೈದು. ಓದು ಬಾರದು, ಗಡಿಯಾರ ನೋಡಲೂ ಬಾರದು. ಮಣ್ಣನ್ನು ಮಾತ್ರ ಕಾಲಲ್ಲಿ ಓದುತ್ತಿದ್ದಳು. ಪ್ರತಿ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಾಟಿಗೆ ಮುಂಚೆ ಸೀರೆ ಎತ್ತಿ ಕಟ್ಟಿ ಒಬ್ಬಳೇ ಗದ್ದೆಗೆ ಇಳಿಯುವಳು. ಕೆಸರು ಮೀನಖಂಡದ ತನಕ ಕಾಲನ್ನು ಒಳಗೆ ಎಳೆದುಕೊಳ್ಳಬೇಕು. ಆಗ ಬದುವಿನ ಮೇಲಿನ ಹೆಂಗಸರ ಕಡೆ ತಿರುಗಿ "ನುಂಗ್ತು" ಅನ್ನುವಳು. ಆ ಮಾತು ಬಂದ ಮೇಲೆಯೇ ಪೈರು ನೆಡುವುದು.

ಈಗ ಮಂಡಿ ಮಡಚಲು ಆಗುತ್ತಿರಲಿಲ್ಲ. ಅಳಿಯನನ್ನು ಕೂರಿಸಿಕೊಂಡು ಅವಳು ಹೇಳಿದ್ದು ಇಷ್ಟೇ:

"ಒಂದು ವರ್ಸ ನೀವೇ ನೋಡ್ಕಳಿ ಅಳಿಯಂದ್ರೇ. ಬರೋ ಆಡಿಲಿ ನಾನು ಇಳ್ದಾಗ ಗದ್ದೆ ನನ್ನ ಕಾಲು ನುಂಗಿದ್ರೆ, ರಾಜಾತಿ ಎಸ್ರಿಗೆ ಬರ್ಸ್ತೀನಿ. ನುಂಗ್ಲಿಲ್ಲಾಂದ್ರೆ ಬರ್ಸಲ್ಲ."

ಇಷ್ಟು ಸುಲಭದ ಪರೀಕ್ಷೆಯನ್ನು ಯಾವ ಕಥೆಯ ಮುದುಕಿಯೂ ಯಾವ ಅಳಿಯನಿಗೂ ಇಟ್ಟಿರಲಾರಳು. ಏಳು ಸಮುದ್ರ ದಾಟುವ ಹಾಗಿಲ್ಲ, ಹಾವಿನ ಹೆಡೆಯಿಂದ ಮಣಿ ತರುವ ಹಾಗಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಮ್ಮನಿರುವುದು ಗೋವಿಂದರಾಜುವಿನ ಜಾತಕದಲ್ಲಿ ಬರೆದಿರಲಿಲ್ಲ.

ಮೊದಲ ಬೆಳೆ ಚೆನ್ನಾಗಿಯೇ ಬಂತು. ಮಾರ್ಗಳಿ ತಿಂಗಳ ಕೊನೆಗೆ, ಸಂಕ್ರಾಂತಿಯ ಹೊತ್ತಿಗೆ, ಅಕಾಲದ ಮಳೆ ಹೊಯ್ದು ಗದ್ದೆ ಹಸಿಯಾಗಿತ್ತು. ಪಕ್ಕದ ಗದ್ದೆಯ ಚಿಕ್ಕಮುನಿಯಪ್ಪ ವಾರ್ಡ್ ಮೆಂಬರು. ಅವನು ನೆಲ ಒಣಗಲಿ ಎಂದು ಹತ್ತು ದಿನ ಬಿಟ್ಟು ಬರುವಂತೆ ಸಣ್ಣ ಬೆಲ್ಟ್ ವಂಡಿಗೆ, ಎಂದರೆ ಚಕ್ರದ ಬದಲು ಪಟ್ಟಿಯ ಮೇಲೆ ಓಡುವ ಕೊಯ್ಲಿನ ಯಂತ್ರಕ್ಕೆ, ಹೇಳಿಟ್ಟಿದ್ದ. ಮೆಂಬರಿಗಿಂತ ಮೊದಲು ಕೊಯ್ಯಬೇಕು, ಮೆಂಬರಿಗಿಂತ ದೊಡ್ಡ ಮಿಷಿನಿನಲ್ಲಿ ಕೊಯ್ಯಬೇಕು ಎಂಬ ಆಸೆ ಗೋವಿಂದರಾಜುವಿಗೆ ಹುಟ್ಟಿದ್ದು ಟೀ ಅಂಗಡಿಯ ಮುಂದೆ. ಬೇರೆ ಯಾವುದೋ ಊರಿಗೆ ಹೊರಟಿದ್ದ ಟೈರ್ ವಂಡಿಯೊಂದು ಅಲ್ಲಿ ನಿಂತಿತ್ತು. ಅದರ ಚಕ್ರದ ಪಕ್ಕ ನಿಂತರೆ ಅವನ ತಲೆ ಚಕ್ರದ ಮೇಲಂಚಿಗೆ ಸರಿಯಾಗಿ ಬರುತ್ತಿತ್ತು.

ಓಡಿಸುವ ಪಳನಿ ಒಳ್ಳೆಯವನು. ಟೀ ಲೋಟ ಕೆಳಗಿಟ್ಟು ಬಿಡಿಸಿ ಹೇಳಿದ.

"ಎಂಟು ಟನ್ನು ಐತೆ ಅಣ್ಣಾ ಇದು. ನಿಮ್ಮ ನೆಲ ಅಸಿ ಐತೆ. ಅತ್ತು ದಿನ ಒಣಗ್ಲಿ, ಇಲ್ಲಾಂದ್ರೆ ಬೆಲ್ಟ್ ವಂಡಿ ಬರ್ಲಿ."

ಗೋವಿಂದರಾಜುವಿಗೆ ಎಂಟು ಟನ್ನು ಮಾತ್ರ ಕೇಳಿಸಿತು.

ಕಥೆಗಳ ರಾಕ್ಷಸ ಕೂಡ ಬಂದಾಗ ಬಾಗಿಲು ತಟ್ಟುತ್ತಾನೆ. ಇದು ಬದುವನ್ನು ಮುರಿದುಕೊಂಡೇ ಒಳಗೆ ಬಂತು. ನಲವತ್ತು ಸೆಂಟಿನಲ್ಲಿ ತಿರುಗಲು ಜಾಗ ಸಾಲದೆ ಮುಂದೆ ಹೋಯಿತು, ಹಿಂದೆ ಬಂತು, ಹೂತಿತು, ಹೊಗೆ ಬಿಟ್ಟಿತು, ಮತ್ತೆ ಎದ್ದಿತು. ಪೈರಿಗಿಂತ ಹೆಚ್ಚಾಗಿ ಗದ್ದೆಯನ್ನೇ ಕೊಯ್ದ ಹಾಗಿತ್ತು. ಊರವರು ನೋಡುತ್ತಿದ್ದರು, ಗೋವಿಂದರಾಜು ಬದುವಿನ ಮೇಲೆ ಕೈ ಕಟ್ಟಿಕೊಂಡು, ಆ ಯಂತ್ರವನ್ನು ತಾನೇ ಹೆತ್ತವನಂತೆ ನಿಂತಿದ್ದ. ಮನೆಯಲ್ಲಿ ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ನಡುಗಿದವು. ಮುನಿರತ್ನಮ್ಮ ಗೋಡೆಗೆ ಅಂಗೈಯಿಟ್ಟು ಕೇಳಿಸಿಕೊಂಡು, ಯಾರನ್ನೋ ತುಳಿಯುತ್ತಿದ್ದಾರೆ ಎಂದಳು. ರಾಜಾತಿ, ಅದು ಮಿಷಿನಮ್ಮಾ ಎಂದು ಸಮಾಧಾನ ಹೇಳಿದಳು. ಇಬ್ಬರು ಹೇಳಿದ್ದೂ ನಿಜವೇ.

ಇಷ್ಟಕ್ಕೇ ನಿಂತಿದ್ದರೆ ಗದ್ದೆ ಒಂದೆರಡು ವರ್ಷ ನರಳಿ ಸುಧಾರಿಸಿಕೊಳ್ಳುತ್ತಿತ್ತೇನೋ. ಆದರೆ ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ ಮಣ್ಣಿನ ಪರೀಕ್ಷೆಗೆಂದು ವ್ಯವಸಾಯ ಇಲಾಖೆಯಿಂದ ಜಯಪ್ರಿಯಾ ಮೇಡಂ ಬಂದರು. ಸ್ಕೂಟಿಯಿಂದ ಉದ್ದನೆಯ ಕಬ್ಬಿಣದ ಕಂಬಿಯೊಂದನ್ನು ಬಿಚ್ಚಿ, ಬೆಣ್ಣೆಗದ್ದೆಯ ನಡುವೆ ನಿಲ್ಲಿಸಿ ಒತ್ತಿದರು. ಒಂದು ಗೇಣು ಇಳಿದು ಕಂಬಿ ನಿಂತಿತು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಒಂದೇ ಗೇಣು. ಕಡೆಗೆ ಇಡೀ ಮೈಭಾರ ಬಿಟ್ಟು ನೇತಾಡಿದರು. ಕಂಬಿ ಜಗ್ಗಲಿಲ್ಲ. ಹಣೆಯ ಬೆವರು ಒರೆಸಿಕೊಂಡು ತಮಿಳಿನಲ್ಲಿ ಹೇಳಿದರು:

"ರೊಂಬ ಇರುಕ್ಕಮಾ ಇರುಕ್ಕು ಐಯಾ. ಇವ್ವಳವು ಇರುಕ್ಕಂ ನಾನ್ ಎಂಗೆಯುಂ ಪಾತ್ತದಿಲ್ಲೆ."

ತುಂಬಾ ಬಿಗಿಯಾಗಿದೆ, ಇಷ್ಟು ಬಿಗಿಯನ್ನು ನಾನು ಎಲ್ಲೂ ನೋಡಿಲ್ಲ. ‘ಇರುಕ್ಕಂ’ ಎಂಬ ಮಾತು ಮಣ್ಣಿನ ಇಲಾಖೆಯಲ್ಲಿ ಕಾಯಿಲೆಯ ಹೆಸರು. ಸೇಲಂನ ಮಗ್ಗದ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಗೋವಿಂದರಾಜುವಿನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಹೇಳಿ ಎಂದು ಕೇಳಿದ. ಅವರು ಇನ್ನೊಂದು ಸಲ ಹೇಳಿದರು. ಬರೆದು ಕೊಡಿ ಎಂದ. ಕಾಯಿಲೆ ಕೇಳಿ ಅಳುವ ರೈತನನ್ನು ಕಂಡು ಮನಸ್ಸು ಕರಗಿದ ಮೇಡಂ, ಚೀಟಿಯಲ್ಲಿ ‘ಮಣ್ ಇರುಕ್ಕಂ: ಮಿಗ ಅದಿಗಂ’, ಎಂದರೆ ಬಹಳ ಹೆಚ್ಚು ಎಂದು ಬರೆದು, ಸಹಿ ಹಾಕಿ, ಸೀಲೂ ಒತ್ತಿದರು. ಅಷ್ಟರಲ್ಲಿ ಆಫೀಸಿನಿಂದ ಫೋನು. ಏನು ಮಾಡಬೇಕೆಂದು ಮುಂದಿನ ತಿಂಗಳು ಬಂದು ಹೇಳುತ್ತೇನೆ, ಧೈರ್ಯವಾಗಿರಿ ಎಂದು ಸ್ಕೂಟಿ ಹತ್ತಿದರು. ಮುಂದಿನ ತಿಂಗಳು ಅವರಿಗೆ ಚುನಾವಣೆ ಕೆಲಸ, ಅದರ ಮುಂದಿನ ತಿಂಗಳು ತರಬೇತಿ, ಆಮೇಲೆ ಬೇರೆ ತಾಲೂಕಿನ ಹೆಚ್ಚುವರಿ ಹೊಣೆ. ಸರ್ಕಾರದ ಮುಂದಿನ ತಿಂಗಳು ಬರಲು ಆರು ತಿಂಗಳು ಹಿಡಿಯಿತು.

ಚೀಟಿಗೆ ಕಟ್ಟು ಹಾಕಿಸಿದ್ದು ಮೆಟ್ಟೂರಿನಲ್ಲಿ. ಗಾಜು, ಚಿನ್ನದ ಬಣ್ಣದ ಅಂಚು. ಮಾವನ ಫೋಟೋ ಇದ್ದ ಮೊಳೆಗೆ ಅದನ್ನು ತೂಗುಹಾಕಿ, ಮಾವನನ್ನು ಪಕ್ಕಕ್ಕೆ ಸರಿಸಿದ.

ಆಮೇಲೆ ಟೀ ಅಂಗಡಿಯಲ್ಲಿ ಅವನ ಪಾಠ ಶುರುವಾಯಿತು. ಗದ್ದೆಯೂ ಒಂದು ಬಟ್ಟೆಯೇ. ಸಡಿಲ ಬಟ್ಟೆಯಲ್ಲಿ ನೀರು ಸೋರಿಹೋಗುತ್ತದೆ, ಬಿಗಿ ಬಟ್ಟೆಯಲ್ಲಿ ನಿಲ್ಲುತ್ತದೆ. ಇಷ್ಟು ದಿನ ಈ ಊರಿನವರು ಸೋರುವ ಗದ್ದೆ ಇಟ್ಟುಕೊಂಡು ಅದನ್ನು ಬೆಣ್ಣೆ ಅಂದುಕೊಂಡಿದ್ದರು. ಮೊದಮೊದಲು ಜನ ನಕ್ಕರು. ಆದರೆ ಬೇಸಿಗೆಯ ಚಿತ್ತಿರೈ ತಿಂಗಳ ಒಂದು ಜೋರು ಮಳೆಗೆ ಎಲ್ಲರ ಗದ್ದೆಯ ನೀರೂ ಸಂಜೆಯೊಳಗೆ ಇಂಗಿತು. ಬೆಣ್ಣೆಗದ್ದೆಯಲ್ಲಿ ಐದು ದಿನ ನಿಂತಿತು. ಬಾತುಕೋಳಿಗಳು ಬಂದು ಈಜಿದವು. ಚಿಕ್ಕಮುನಿಯಪ್ಪ ದಿನಾ ಬಂದು ಬದುವಿನ ಮೇಲೆ ಕೂತು ಆ ನೀರನ್ನು ನೋಡಿ ನೋಡಿ ಬಡವಾದ.

ಆರನೆಯ ದಿನ ಗೋವಿಂದರಾಜು ಪಳನಿಗೆ ಫೋನು ಮಾಡಿ ವಂಡಿ ತರಲು ಹೇಳಿದ. ಗದ್ದೆ ಖಾಲಿ ಇದೆ, ಕೊಯ್ಯಲು ಏನಿದೆ ಎಂದು ಪಳನಿ ಕೇಳಿದ.

"ಕೊಯ್ಯೋದು ಬ್ಯಾಡ. ಸುಮ್ನೆ ಏಳು ರೌಂಡು ನಡಿ."

"ಅಣ್ಣಾ, ನಾನು ಇಪ್ಪತ್ತು ವರ್ಸ ವಂಡಿ ಓಡ್ಸಿವ್ನಿ. ವಂಡಿನ ವಾಕಿಂಗ್ ಕರ್ಕೊಂಡು ಓದವ್ರು ಯಾರೂ ಇಲ್ಲ."

ಆದರೂ ಬಂದ, ನಡೆದ. ಏಳು ಸುತ್ತು ಮುಗಿಯುವಷ್ಟರಲ್ಲಿ ಚಿಕ್ಕಮುನಿಯಪ್ಪನೂ ತನ್ನ ಗದ್ದೆಗೆ ನೀರು ಬಿಟ್ಟು, ಹಾಗೇ ಈ ಕಡೆ ತಿರುಗಿಸು ಎಂದು ಪಳನಿಗೆ ಹೇಳಿದ. ತನಗೆ ಒಂಬತ್ತು ಸುತ್ತು. ಮೆಂಬರು ಅಂದ ಮೇಲೆ ಎರಡು ಹೆಚ್ಚಿರಬೇಕಲ್ಲ. ಅದರ ಮುಂದಿನ ವೈಯಾಸಿ ತಿಂಗಳು ಕಳೆಯುವಷ್ಟರಲ್ಲಿ ಕೆರೆಯ ಕೆಳಗಿನ ಹದಿನಾಲ್ಕು ಗದ್ದೆಗಳಲ್ಲಿ ಹನ್ನೊಂದು ಬಿಗಿಯಾಗಿದ್ದವು. ಉಳಿದ ಮೂರು ಗದ್ದೆಯವರಿಗೆ ವಂಡಿ ಸಿಕ್ಕಿರಲಿಲ್ಲ. ಅವರು ನೆಂಟರ ಮುಂದೆ ತಲೆ ತಗ್ಗಿಸಿ ಓಡಾಡಿದರು.

ಆಡಿ ಬಂತು. ಮೇಲೆ ರೋಟವೇಟರ್ ಹೊಡೆಸಿ ನಾಲ್ಕು ಬೆರಳು ಕೆಸರು ಮಾಡಿದ್ದರು. ಮುನಿರತ್ನಮ್ಮ ಸೀರೆ ಎತ್ತಿ ಕಟ್ಟಿ, ಮಗಳ ಹೆಗಲು ಹಿಡಿದು ಗದ್ದೆಗೆ ಇಳಿದಳು. ಬದುವಿನ ಮೇಲೆ ಹೆಂಗಸರು ಪೈರಿನ ಕಟ್ಟು ಹಿಡಿದು ಕಾದಿದ್ದರು.

ಕೆಸರು ಹಿಮ್ಮಡಿ ಮುಚ್ಚಿತು. ಅಲ್ಲಿಗೆ ನಿಂತಿತು. ಮುದುಕಿ ಕಾಲನ್ನು ಎತ್ತಿ ಇನ್ನೊಂದು ಕಡೆ ಇಟ್ಟಳು. ಒತ್ತಿದಳು. ಎಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಗದ್ದೆಯಲ್ಲಿ ಅವಳು ತನ್ನ ಪೂರ್ತಿ ಎತ್ತರಕ್ಕೆ ನಿಂತಿದ್ದಳು.

"ನುಂಗ್ಲಿಲ್ಲ," ಎಂದಳು.

ಕಾಲಿನ ಮಾತಿಗಿಂತ ಸೀಲಿನ ಮಾತು ದೊಡ್ಡದೆಂದು ನಂಬಿ ಗೋವಿಂದರಾಜು ಈ ಹೊತ್ತಿಗೇ ಕಾದಿದ್ದವನು. ಮನೆಗೆ ಓಡಿ, ಮೊಳೆಯಿಂದ ಕಟ್ಟು ಇಳಿಸಿ, ಎದೆಗೆ ಅವಚಿಕೊಂಡು ಬಂದು ಅತ್ತೆಯ ಮುಂದೆ ಹಿಡಿದ. ಇದು ಸರ್ಕಾರದ ಸಹಿ, ಇದು ಸೀಲು. ಇಡೀ ತಾಲೂಕಿನಲ್ಲೇ ಇಷ್ಟು ಬಿಗಿ ಮಣ್ಣು ಇಲ್ಲವಂತೆ. ಇನ್ನು ನಿಮ್ಮ ಕಾಲು ಕೆಸರಾಗುವುದೂ ಇಲ್ಲ ಅತ್ತೆ, ಎಂದ. ಬದುವಿನ ಮೇಲಿದ್ದ ಚಿಕ್ಕಮುನಿಯಪ್ಪ, ತನ್ನ ಗದ್ದೆಯೂ ನುಂಗುತ್ತಿಲ್ಲ ಎಂದು ಹೆಮ್ಮೆಯಿಂದ ಸಾಕ್ಷಿ ಹೇಳಿದ.

ಮುನಿರತ್ನಮ್ಮ ಗಾಜಿನೊಳಗಿನ ಅಕ್ಷರಗಳನ್ನು ನೋಡಿದಳು. ಸೀಲನ್ನು ನೋಡಿದಳು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು, ಇಷ್ಟು ವರ್ಷ ಮನೆಯಲ್ಲಿದ್ದವನು ಕಳ್ಳನೆಂದು ಯಾರೋ ಹೇಳಿದಾಗ ನೋಡುವ ಹಾಗೆ.

"ಕಾಲಿಗೂ ವಯಸ್ಸಾಯ್ತೇನೋ," ಎಂದು ಮಗಳ ಹೆಗಲು ಹಿಡಿದು ಮೇಲೆ ಹತ್ತಿದಳು. ಬರೆಸುವ ಮಾತು ಬರುವ ತಿಂಗಳು ಆವಣಿಗೆ ನೋಡೋಣ ಎಂದಳು. ಆ ವರ್ಷ ‘ನುಂಗ್ತು’ ಎಂಬ ಮಾತಿಲ್ಲದೆಯೇ ಹೆಂಗಸರು ಪೈರು ನೆಟ್ಟರು.

ಆವಣಿಯಲ್ಲಿ ಗೋವಿಂದರಾಜುವಿಗೆ ಸನ್ಮಾನ. ಏರ್ಪಾಡು ಚಿಕ್ಕಮುನಿಯಪ್ಪನದು, ಮುಂದಿನ ಸಲ ಪಂಚಾಯ್ತಿ ಪ್ರೆಸಿಡೆಂಟಿಗೆ ನಿಲ್ಲುವ ಆಲೋಚನೆ ಅವನಿಗಿತ್ತು. ಗದ್ದೆಯ ಬದುವಿನ ಮೇಲೇ ಶಾಮಿಯಾನ. ಫ್ಲೆಕ್ಸಿನಲ್ಲಿ ಗೋವಿಂದರಾಜುವಿನ ಫೋಟೋ ಚಿಕ್ಕದು, ಚಿಕ್ಕಮುನಿಯಪ್ಪನದು ದೊಡ್ಡದು. ಕೆಳಗೆ ‘ಮಣ್ಣು ನೇಯ್ದ ಮಹನೀಯ’ ಎಂದು ತಮಿಳಿನಲ್ಲಿ. ಪೈರು ಹಳದಿ ತಿರುಗಿತ್ತು. ಯಾರೋ ಕೇಳಿದ್ದಕ್ಕೆ ಗೋವಿಂದರಾಜು, ಜರಿ ಬಣ್ಣ ಬರುತ್ತಿದೆ ಎಂದು ಉತ್ತರ ಕೊಟ್ಟಿದ್ದ.

ಮುಖ್ಯ ಅತಿಥಿಯನ್ನು ಅವನೇ ಆರಿಸಿದ್ದ. ಸೇಲಂಗೆ ಎರಡು ಬಸ್ಸು ಬದಲಿಸಿ ಹೋಗಿ, ನಿವೃತ್ತರಾಗಿದ್ದ ಅರುಣಾಚಲಂ ಅವರ ಕೈಗೇ ಆಹ್ವಾನ ಕೊಟ್ಟು ಬಂದಿದ್ದ. ಮೂವತ್ತೊಂದು ವರ್ಷದ ‘ಲೂಸು’ ಅವರ ಬಾಯಿಂದಲೇ ಕರಗಬೇಕು. ಜಯಪ್ರಿಯಾ ಮೇಡಂಗೂ ಕರೆ ಹೋಗಿತ್ತು. ಯಾತಕ್ಕೆ ಸನ್ಮಾನ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸದ್ಯ, ಹೇಳಿದ ಕೆಲಸ ನೆನಪಾಯಿತಲ್ಲ ಎಂದು ಕಂಬಿಯನ್ನೂ ತಂದಿದ್ದರು.

ಅರುಣಾಚಲಂ ಮೈಕಿನ ಮುಂದೆ ನಿಂತು, ಬಟ್ಟೆ ನೋಡದೆ ನಾನು ಮಾತಾಡಿದವನಲ್ಲ ಎಂದರು. ಅದು ಅವರ ಚಟ. ಕೆಳಗೆ ಬಗ್ಗಿ ಬದುವಿನ ಪಕ್ಕದ ಪೈರೊಂದನ್ನು ಕಿತ್ತರು. ಅದು ಎಳೆಯುವ ಮುಂಚೆಯೇ ಬಂದುಬಿಟ್ಟಿತು. ಬೇರಿನ ಮಣ್ಣು ತೊಳೆದು, ಬಿಸಿಲಿಗೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿದರು. ಗೋವಿಂದರಾಜು ಸೊಸೈಟಿಯ ಕಿಟಕಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿ ನಿಂತ.

ಬೇರುಗಳು ಒಂದು ಗೇಣೂ ಕೆಳಗೆ ಹೋಗಿರಲಿಲ್ಲ. ಅಡಿಯಲ್ಲಿ ಏನನ್ನೋ ಮುಟ್ಟಿ, ಅಲ್ಲಿಂದ ಎಡಕ್ಕೂ ಬಲಕ್ಕೂ ಮಡಚಿ, ಚಾಪೆಯ ಹಾಗೆ ಅಡ್ಡಡ್ಡ ಹರಡಿದ್ದವು.

"ಬಿಗಿಯೇನೋ ಐತಪ್ಪ," ಎಂದರು ಅರುಣಾಚಲಂ. ಮೈಕು ಅದನ್ನು ಕೆರೆಯ ಆಚೆದಡದ ತನಕ ಕೊಂಡೊಯ್ದಿತು. "ಆದ್ರೆ ಇದ್ರಲ್ಲಿ ಆಸು ನೂಲೇ ಇಲ್ಲ. ಬರೀ ಒಕ್ಕು. ಒಂದು ಎಳೆನೂ ಕೆಳಕ್ಕೆ ಓಗಿಲ್ಲ." ಪೈರನ್ನು ಪಕ್ಕಕ್ಕೆ ಎಸೆದರು, ಅದೇ ಕೈ, ಅದೇ ಬೀಸು.

ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಜಯಪ್ರಿಯಾ ಮೇಡಂ ಮೇಜಿನ ಮೇಲಿದ್ದ ಕಟ್ಟನ್ನು ಎತ್ತಿಕೊಂಡು, ತಮ್ಮದೇ ಅಕ್ಷರವನ್ನು ಓದಿ, ಇದಕ್ಕೇಕೆ ಹಾರ ಹಾಕಿದ್ದೀರಿ ಎಂದು ಕೇಳಿದರು. ಡಾಕ್ಟರ್ ಕೊಟ್ಟ ಚೀಟಿಗೆ ಯಾರಾದರೂ ಹಾರ ಹಾಕುತ್ತಾರೆಯೇ? ಆಮೇಲೆ ನಿಧಾನವಾಗಿ ಹೇಳಿದರು. ಹಸಿ ನೆಲದ ಮೇಲೆ ಎಂಟು ಟನ್ನು ಓಡಿದರೆ ಮಣ್ಣಿನೊಳಗಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಬೇರಿಗೆ ದಾರಿಯಿಲ್ಲ, ಗಾಳಿಗೆ ದಾರಿಯಿಲ್ಲ, ನೀರಿಗೆ ದಾರಿಯಿಲ್ಲ. ಗದ್ದೆಗೆ ಸ್ವಲ್ಪ ಗಟ್ಟಿ ತಳ ಬೇಕು, ನಿಜ. ಇಲ್ಲಿ ಆಗಿರುವುದು ತಳವಲ್ಲ, ರಸ್ತೆ.

ಉಳಿದ ಹತ್ತು ಬಿಗಿ ಗದ್ದೆಯವರು ಒಟ್ಟಿಗೆ ಗೋವಿಂದರಾಜುವಿನ ಕಡೆ ತಿರುಗಿದರು. ಚಿಕ್ಕಮುನಿಯಪ್ಪ, ಇವನು ಲೂಸೆಂದು ನನಗೆ ಮೊದಲೇ ಗೊತ್ತಿತ್ತು ಎಂದ. ಅವನ ಹಿಂದೆ ಫ್ಲೆಕ್ಸಿನಲ್ಲಿ ಅವನೇ ಕೈಮುಗಿದು ನಗುತ್ತಿದ್ದ. ಮದ್ದು ಏನೆಂದು ಯಾರೋ ಕೇಳಿದರು. ಆಳಕ್ಕೆ ಸೀಳುವ ಉಳಿ ನೇಗಿಲು ಬರುತ್ತದೆ, ಆದರೆ ಅದನ್ನು ಎಳೆಯಲು ದೊಡ್ಡ ಟ್ರಾಕ್ಟರೇ ಬೇಕು, ಅದನ್ನೂ ನೆಲ ಪೂರ್ತಿ ಒಣಗಿದ ಮೇಲೆಯೇ ಇಳಿಸಬೇಕು ಎಂದು ಮೇಡಂ ಹೇಳುವಷ್ಟರಲ್ಲಿ, ‘ದೊಡ್ಡ ಟ್ರಾಕ್ಟರು’ ಎಂಬಲ್ಲಿಗೇ ಚಿಕ್ಕಮುನಿಯಪ್ಪ ಅರ್ಜಿ ಎಲ್ಲಿ ಕೊಡಬೇಕೆಂದು ಕೇಳಿದ್ದ. ಮೊದಲು ಯಾರ ಗದ್ದೆಗೆ ಬರಬೇಕೆಂದು ಅಲ್ಲೇ ಜಗಳ ಹತ್ತಿತು. ಉಳಿದರ್ಧ ಮಾತನ್ನು ಮೇಡಂ ಶಾಮಿಯಾನದ ಕಂಬಕ್ಕೆ ಹೇಳಿದರು. ಟ್ರಾಕ್ಟರು ಬೇಡದವರು ಆಳಕ್ಕೆ ಬೇರು ಬಿಡುವ ಹಸಿರೆಲೆ ಗೊಬ್ಬರದ ಗಿಡ ಹಾಕಿ, ಹಸಿ ನೆಲಕ್ಕೆ ಯಾವ ವಂಡಿಯನ್ನೂ ಇಳಿಸದೆ ಕಾಯಬೇಕು.

ಕಾಯುವ ಮಾತನ್ನು ಕೇಳಿಸಿಕೊಂಡವಳು ಮುನಿರತ್ನಮ್ಮ ಒಬ್ಬಳೇ. ಎಷ್ಟು ದಿನ ಎಂದು ಕೇಳಿದಳು. ನಾಲ್ಕು ವರ್ಷ ಹಿಡಿಯಬಹುದು, ಐದೂ ಆಗಬಹುದು ಎಂದರು ಮೇಡಂ. ಮುದುಕಿ ತನ್ನ ಬೆರಳು ಮಡಚಿ ಎಪ್ಪತ್ತಾರರ ಮೇಲೆ ಎಣಿಸಿಕೊಂಡಳು. ನಡುವೆ ಎಲ್ಲೋ ನಿಲ್ಲಿಸಿದಳು.

ಆಮೇಲೆ ಅವಳು ತನ್ನ ಬಲಗಾಲನ್ನು ಸವರಿದಳು. "ನೀನು ಸುಳ್ಳು ಏಳಿರಲಿಲ್ಲ," ಎಂದು ಕಾಲಿಗೆ ಹೇಳಿದಳು. ಅಳಿಯನಿಗೆ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೇದವ್ರು ನೀವು. ಬಿಚ್ಚೋದೂ ನೀವೇ. ಬಿಚ್ಚಿ ಕೊಡಿ, ಆಮೇಲೆ ಬರ್ಸೋದು ನೋಡೋಣ."

ಆ ಬೆಳೆ ಜಳ್ಳಾಯಿತು. ಹುಲ್ಲೂ ದನ ಮೂಸುವಂತಿರಲಿಲ್ಲ. ಸಂಕ್ರಾಂತಿಯ ತೈ ತಿಂಗಳಿನಿಂದ ಗೋವಿಂದರಾಜು ದಿನಾ ಬೆಳಿಗ್ಗೆ ಹಾರೆ ಹೊತ್ತು ಬೆಣ್ಣೆಗದ್ದೆಗೆ ಹೋಗುತ್ತಾನೆ. ಹಸಿರೆಲೆ ಗಿಡದ ಬೀಜ ಹಾಕುವ ಮುಂಚೆ, ಬೇರು ಇಳಿಯಲು ಒಂದೊಂದು ಗೇಣಿಗೆ ಒಂದೊಂದು ತೂತು. ಹಾರೆ ಇಟ್ಟರೆ ನೆಲ ಟಣ್ ಎಂದು ಎತ್ತಿ ಎಸೆಯುತ್ತದೆ. ಮಗ್ಗದ ಮುಂದೆ ಎಂದೂ ಬಡಿಯದ ಕೈಗೆ ಈಗ ಬಡಿತವೇ ಕೆಲಸ. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿವೆ. ದಾರಿಯಲ್ಲಿ ಹೋಗುವವರು ಊರಿನ ಅಳಿಯನನ್ನು ಮಾಪ್ಳೆ ಎಂದು ಕರೆದು, ಎಷ್ಟು ಎಳೆ ಬಿಚ್ಚಿತು ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಪಕ್ಕದಲ್ಲಿ ಚಿಕ್ಕಮುನಿಯಪ್ಪನ ಗದ್ದೆಗೆ ಉಳಿ ನೇಗಿಲ ಟ್ರಾಕ್ಟರು ಬಂದು ಹೋಯಿತು. ಅವನು ಮಂಜೂರಾದ ಸಂತೋಷಕ್ಕೆ ಮಳೆಯ ಮಾರನೆಯ ದಿನವೇ ಅದನ್ನು ಇಳಿಸಿದ. ನೇಗಿಲು ಸೀಳಿದ ಸಾಲನ್ನು ಹಿಂದಿನ ಚಕ್ರ ನೀಟಾಗಿ ಮುಚ್ಚಿಕೊಂಡು ಹೋಯಿತು.

ಒಂದು ಬೆಳಿಗ್ಗೆ ಮುನಿರತ್ನಮ್ಮ ರಾಜಾತಿಯ ಹೆಗಲು ಹಿಡಿದು ಬಂದಳು. ಗೋವಿಂದರಾಜು ಹಾರೆ ಬಿಟ್ಟು ನಿಂತ. ಅವಳು ಸಾಲುಸಾಲು ತೂತುಗಳನ್ನು ಬಟ್ಟೆ ನೋಡುವ ಹಾಗೆ ನೋಡಿ, ಒಂದನ್ನು ಆರಿಸಿ, ಅದರ ಮೇಲೆ ಕಾಲಿಟ್ಟು ಒತ್ತಿದಳು. ಹೊತ್ತು ಹೋಯಿತು. ಕೆರೆ ಏರಿಯ ಮೇಲೆ ಒಂದು ವಂಡಿ ಗುಡುಗುಡು ಎಂದು ದಾಟಿ ಹೋಯಿತು. ಮೂವರ ಅಡಿಯಲ್ಲೂ ನೆಲ ನಡುಗಿತು.

"ಎಬ್ಬೆಟ್ಟು ಒಳಕ್ಕೆ ಓಯ್ತು ಅಳಿಯಂದ್ರೇ," ಎಂದಳು ಮುದುಕಿ. "ನಾನು ಓಗೋದ್ರೊಳಗೆ ಕಾಲೂ ಓಗ್ತದಾ, ನೋಡಿ."